ಬಾತ್‌ರೂಮ್ ನೋಡಿ ಮರುಳಾಗಬೇಡಿ, ಗೋಡೆ ಮುಟ್ಟಿ ನೋಡಿ

ಪ್ರಶ್ನೆ: ಮೇಡಂ, ನಗರದ ಹಳೇ ಭಾಗದಲ್ಲಿ ನೂರು ವರ್ಷ ದಾಟಿದ ಕಟ್ಟಡವೊಂದನ್ನು ರಿಪೇರಿ ಮಾಡಿ ಐಷಾರಾಮಿ ಅಪಾರ್ಟ್‌ಮೆಂಟ್ ಮಾಡಿದ್ದಾರೆ. ಮೇಲಿನ ಮಹಡಿಯ ಮನೆ ಬಾಡಿಗೆಗಿದೆ. ಸಂಗೀತ ಸಭಾಂಗಣ, ಮ್ಯೂಸಿಯಂ, ಹಳೇ ಪುಸ್ತಕದಂಗಡಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ನನಗಂತೂ ತುಂಬಾ ಇಷ್ಟವಾಗಿದೆ. ನಮ್ಮ ಯಜಮಾನರು ಮಾತ್ರ ‘ಮ್ಯೂಸಿಯಂ ನೋಡೋಕೆ ಚೆಂದ, ಅದರೊಳಗೆ ಸಂಸಾರ ಮಾಡೋಕಾಗುತ್ತಾ?’ ಅಂತಾರೆ. ಬ್ರೋಕರ್ ಈ ವಾರವೇ ಅಡ್ವಾನ್ಸ್ ಕೊಡಿ ಎಂದು ದುಂಬಾಲು ಬಿದ್ದಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಯಜಮಾನರಿಗೆ ಅರ್ಧ ಮಾರ್ಕು ಕೊಡುತ್ತೇನೆ. ಅಂಥದೇ ಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದವಳು ನಾನು. ಮನೆ ನೋಡಲು ಹೋದ ದಿನ ಅಮೃತಶಿಲೆಯ ಬಾತ್‌ರೂಮ್ ಕಂಡು ಅಲ್ಲೇ ಮರುಳಾದೆ. ಮೊದಲ ಮಳೆಗಾಲದಲ್ಲಿ ಬೀರು ಸರಿಸಿದಾಗ ಹಿಂದಿನ ಗೋಡೆಯಿಂದ ಬಿಳಿ ಪುಡಿ ಉದುರಿತು. ಬೆರಳಿಗೆ ಅಂಟಿದ್ದನ್ನು ಮೂಸಿದರೆ ಬರೀ ತೇವದ ವಾಸನೆ.

ಆಗಿದ್ದಿಷ್ಟೇ: ಆ ಕಾಲದ ಗೋಡೆ ಸುಣ್ಣದ ಗಾರೆಯದು. ತೇವ ಹೀರಿಕೊಳ್ಳುತ್ತದೆ, ಬಿಸಿಲಿಗೆ ಹೊರಬಿಡುತ್ತದೆ. ಈಗ ಎಲ್ಲೆಡೆ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಮನೆಮನೆಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ನಮ್ಮ ಓನರ್ ಅಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಿ, ಮೇಲೆ ಮಿರಿಮಿರಿ ಪೇಂಟ್ ಹೊಡೆಸಿದ್ದರು. ರೇನ್‌ಕೋಟ್ ತೊಡಿಸಿ ಒಳಗೇ ಬೆವರಿಸಿದ ಹಾಗೆ. ತೇವ ಹೊರಗೆ ಹೋಗಲಾರದೆ ಉಪ್ಪು ಹೊತ್ತು ಒಳಗೆ ಬಂತು. ಆದ್ದರಿಂದ ಹೊರಗೋಡೆಗಳ ಕೆಳಗಿನ ಎರಡಡಿಯನ್ನು ಅಂಗೈಯಿಂದ ಮುಟ್ಟಿ ನೋಡಿ, ಕಪಾಟುಗಳ ಹಿಂದೆ ಟಾರ್ಚ್ ಬಿಡಿ. ಒಂದೇ ಗೋಡೆಗೆ ಹೊಸ ಪೇಂಟ್ ಹೊಡೆದಿದ್ದರೆ ಯಾಕೆಂದು ಕೇಳಿ. ಮಳೆ ಬಂದ ಮರುದಿನ ಹೋದರೆ ಇನ್ನೂ ಒಳ್ಳೆಯದು.

ಮೇಲಿನ ಮಹಡಿ ಅಂದಿರಲ್ಲ, ನೀರಿನ ಕಡೆ ಗಮನವಿರಲಿ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕ್ ನಿಮ್ಮ ತಲೆಯ ಮೇಲೆ ಮೂರೇ ಮೀಟರ್ ಇದ್ದರೆ ಸಿಗುವುದು 0.3 ಬಾರ್. ಆ ದೊಡ್ಡ ರೇನ್ ಶವರ್‌ನಲ್ಲಿ ಮಳೆಯಲ್ಲ, ತುಂತುರು ಬಂದೀತು. ಪ್ರೆಷರ್ ಪಂಪ್ ಇದೆಯೇ ಕೇಳಿ. ಶವರ್, ಅಡುಗೆಮನೆ ನಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿ. ಲಿಫ್ಟ್ ಆಮೇಲೆ ತುರುಕಿದ್ದಾಗಿದ್ದರೆ ಅದರ ಬಾಗಿಲಿನ ಅಗಲ ಅಳೆಯಿರಿ. ನನ್ನ ಸೋಫಾ ಮೂರು ದಿನ ಮೆಟ್ಟಿಲ ಕೆಳಗೇ ಮಲಗಿತ್ತು!

ಇನ್ನು ಸದ್ದು. ಕಿಟಕಿ ಬದಲಿಸಿ, ಮುಚ್ಚಿಕೊಂಡು ಎಸಿ ಹಾಕಿ ತಡೆಯೋಣವೆಂದರೆ ಅದೂ ಸುಲಭವಲ್ಲ. ಸಂರಕ್ಷಿತ ಕಟ್ಟಡವಾಗಿದ್ದರೆ ಮುಂಭಾಗದ ಕಿಟಕಿ ಬದಲಿಸಲು, ಎಸಿಯ ಹೊರಗಿನ ಯೂನಿಟ್ ತೂಗುಹಾಕಲು ಅನುಮತಿ ಬೇಕಾಗುತ್ತದೆ. ಓನರ್ ‘ಮಾಡಿಸಿಕೊಡ್ತೀನಿ’ ಎಂದರೂ ಅದು ಅವರ ಕೈಯಲ್ಲಿ ಇರುವುದಿಲ್ಲ. ನೀವು ಮೆಚ್ಚಿದ ಸಭಾಂಗಣದಿಂದ ಜನ ಹೊರಬೀಳುವ ಹೊತ್ತಿಗೆ ಒಮ್ಮೆ ಹೋಗಿ, ಮಲಗುವ ಕೋಣೆಯ ಕಿಟಕಿ ಮುಚ್ಚಿ ಹತ್ತು ನಿಮಿಷ ನಿಲ್ಲಿ. ಸಂಗೀತ ಕಛೇರಿ ಮುಗಿದದ್ದು ನನಗೆ ಚಪ್ಪಾಳೆಯಿಂದಲ್ಲ, ಕಾರುಗಳ ಹಾರ್ನ್‌ನಿಂದ ಗೊತ್ತಾಗುತ್ತಿತ್ತು.

ತೇವ, ಪೈಪು, ವೈರಿಂಗ್ ಕೆಟ್ಟರೆ ಖರ್ಚು ಯಾರದ್ದು, ಎಷ್ಟು ದಿನದೊಳಗೆ ಸರಿಮಾಡಬೇಕು, ಮಾಡದಿದ್ದರೆ ಅವಧಿಗೆ ಮೊದಲೇ ಮನೆ ಬಿಡಬಹುದೇ, ಇವೆಲ್ಲ ಅಗ್ರಿಮೆಂಟಿನಲ್ಲಿ ಬರಲಿ. ಗೋಡೆಗಳ ಫೋಟೊಗಳಿಗೆ ಓನರ್ ಸಹಿಯೂ ಇರಲಿ. ಅಡ್ವಾನ್ಸ್ ಅದಾದ ಮೇಲೆ. ಈ ವಾರವೇ ಎನ್ನುವ ಬ್ರೋಕರ್ ಮುಂದಿನ ವಾರವೂ ಅದನ್ನೇ ಹೇಳುತ್ತಾನೆ.

ಇಷ್ಟೆಲ್ಲಾ ಹೇಳಿದರೂ, ಒಂದೂವರೆ ಅಡಿ ದಪ್ಪದ ಆ ಗೋಡೆಯ ಕಿಟಕಿ ಕಟ್ಟೆಯಲ್ಲಿ ಕಾಲು ಚಾಚಿ ಕೂತು ಓದಿದ ಮಧ್ಯಾಹ್ನಗಳು ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಹೊರಗಿನ ಬಿಸಿಲು ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ನಿಮ್ಮ ಯಜಮಾನರನ್ನೂ ಅಂಥ ಕಿಟಕಿಯಲ್ಲಿ ಅರ್ಧ ಗಂಟೆ ಕೂರಿಸಿ. ಲಿಫ್ಟ್ ಅಳೆಯುವ ಟೇಪು ಮಾತ್ರ ಅವರ ಕೈಯಲ್ಲೇ ಇರಲಿ.