ಓದುಗರ ಪ್ರಶ್ನೆ: ಗೇಮ್ ಮಾರಿದ ಮೇಲೆ ಕಂಪನಿಯವರು ಏನು ಮಾಡುತ್ತಾರೆ?

ಗೇಮ್‌ಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆ. ಯಾವ ಗೇಮ್ ಚೆನ್ನಾಗಿದೆ, ಯಾವ ಫೋನ್ ತಗೊಳ್ಳಲಿ ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ಆದರೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬೇರೆಯೇ ವಿಷಯ ಹಿಡಿದಿದ್ದವು. ಅಪ್‌ಡೇಟ್, ಸರ್ವರ್ (ಗೇಮ್ ನಡೆಸುವ ಕಂಪನಿಯ ಕಂಪ್ಯೂಟರ್), ರಿಪೇರಿ, ಕೊಟ್ಟ ದುಡ್ಡು. ಅಂದರೆ ಗೇಮ್ ಮಾರಾಟವಾದ ನಂತರದ ಕಥೆ. ನನಗೂ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ, ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್ ವೈಫೈ ಹೇಗಿರುತ್ತೆ ನಿಮಗೆ ಗೊತ್ತಲ್ವಾ. ಒಂದು ಗಂಟೆ ಆಡೋಣ ಅಂತ ಕೂತರೆ ಹತ್ತು ಹದಿನೈದು ಜಿಬಿ ಅಪ್‌ಡೇಟ್ ಕೇಳುತ್ತದೆ. ಮೊದಲೇ ಸರಿಯಾಗಿ ಮಾಡಿ ಬಿಡಬಾರದಾ ಇವರು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅಪ್‌ಡೇಟ್‌ಗಳೆಲ್ಲ ಒಂದೇ ಜಾತಿಯಲ್ಲ. ಕೆಲವು ಹೊಸ ಮ್ಯಾಪ್, ಹೊಸ ಬಟ್ಟೆ, ಹೊಸ ಗನ್ ತರುತ್ತವೆ. ಕೆಲವು ಬರೀ ರಿಪೇರಿ. ರಿಪೇರಿಗೆ ಯಾರೂ ಜಾಹೀರಾತು ಹಾಕುವುದಿಲ್ಲ. ಆದರೆ ಮಾಡಿದವರಿಗೆ ತಮ್ಮ ಗೇಮ್ ಮೇಲೆ ಎಷ್ಟು ಪ್ರೀತಿ ಇದೆ ಅಂತ ಗೊತ್ತಾಗುವುದು ಅಲ್ಲೇ.

ಒಂದು ನಿಜವಾದ ಘಟನೆ ಹೇಳುತ್ತೇನೆ. ಜಿಟಿಎ ಆನ್‌ಲೈನ್ ಅನ್ನುವ ಗೇಮ್ ಪಿಸಿಗೆ ಬಂದದ್ದು 2015ರಲ್ಲಿ. ಅದು ತೆರೆದುಕೊಳ್ಳಲು ತುಂಬಾ ಜನರಿಗೆ ಐದಾರು ನಿಮಿಷ ಬೇಕಾಗುತ್ತಿತ್ತು. ವರ್ಷಗಟ್ಟಲೆ ಹಾಗೇ ಇತ್ತು. ಗೇಮ್ ದೊಡ್ಡದು, ಅದಕ್ಕೇ ಇರಬೇಕು ಅಂತ ಎಲ್ಲರೂ ಸುಮ್ಮನಾಗಿದ್ದರು. 2021ರಲ್ಲಿ ಒಬ್ಬ ಆಟಗಾರ, ಕಂಪನಿಯ ಕೋಡ್ ಕೈಯಲ್ಲಿ ಇಲ್ಲದಿದ್ದರೂ, ಆ ಐದಾರು ನಿಮಿಷ ಪ್ರೊಸೆಸರ್ ಏನು ಮಾಡುತ್ತಿದೆ ಅಂತ ಪಟ್ಟು ಹಿಡಿದು ನೋಡಿದ. ಸಿಕ್ಕಿದ್ದು ಗೇಮಿನೊಳಗಿನ ಅಂಗಡಿಯ ಸಾಮಾನಿನ ಪಟ್ಟಿ ಇರುವ ಒಂದು ಫೈಲ್, ಸುಮಾರು 10 ಎಂಬಿ, 63 ಸಾವಿರದಷ್ಟು ಸಾಮಾನು. ಅದನ್ನು ಓದುವ ಕೋಡ್ ಹೇಗಿತ್ತು ಅಂದರೆ, ಒಂದು ಪದ ಓದುವುದು, ಪುಸ್ತಕದಲ್ಲಿ ಇನ್ನೆಷ್ಟು ಅಕ್ಷರ ಉಳಿದಿದೆ ಅಂತ ಕೊನೆಯವರೆಗೂ ಎಣಿಸುವುದು, ವಾಪಸ್ ಬಂದು ಮುಂದಿನ ಪದ ಓದುವುದು, ಮತ್ತೆ ಎಣಿಸುವುದು. ಸಾಲದ್ದಕ್ಕೆ ಒಂದೊಂದು ಸಾಮಾನು ಸೇರಿಸುವಾಗಲೂ ಇದು ಆಗಲೇ ಬಂದಿದೆಯಾ ಅಂತ ಪಟ್ಟಿಯನ್ನು ಮೊದಲಿನಿಂದ ಹುಡುಕುತ್ತಿತ್ತು. ಅವನು ಇವೆರಡನ್ನೂ ತಾನೇ ಸರಿ ಮಾಡಿ ನೋಡಿದಾಗ ಕಾಯುವ ಹೊತ್ತು ಸುಮಾರು ಶೇ. 70ರಷ್ಟು ಇಳಿಯಿತು. ಆ ಗೇಮ್ ಮಾಡಿದ ರಾಕ್‌ಸ್ಟಾರ್ ಕಂಪನಿ ಹೌದು ಅಂತ ಒಪ್ಪಿಕೊಂಡಿತು, ಅದೇ ಮಾರ್ಚ್‌ನಲ್ಲಿ ಎಲ್ಲರಿಗೂ ರಿಪೇರಿ ಕಳಿಸಿತು, ಅವನಿಗೆ 10 ಸಾವಿರ ಡಾಲರ್ ಬಹುಮಾನವನ್ನೂ ಕೊಟ್ಟಿತು. ಆ ಒಂದು ಅಪ್‌ಡೇಟ್ ಎಷ್ಟು ಜನರ ಎಷ್ಟು ಗಂಟೆ ಉಳಿಸಿರಬಹುದು ಯೋಚಿಸಿ.

ಇನ್ನು ಕೆಲವು ರಿಪೇರಿ ತಡ ಮಾಡುವ ಹಾಗೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಅನ್ನುವ ಸಾಫ್ಟ್‌ವೇರ್ ತುಣುಕಿನಲ್ಲಿ ದೊಡ್ಡ ತೂತು ಸಿಕ್ಕಿತು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯೂ ಅದನ್ನೇ ಬಳಸುತ್ತಿತ್ತು. ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ಬೇರೆಯವರ ಕಂಪ್ಯೂಟರ್ ಕೈಗೆ ತಗೊಳ್ಳಬಹುದಿತ್ತು. ಮೈನ್‌ಕ್ರಾಫ್ಟ್ ಮಾಡುವ ಮೊಜಾಂಗ್ ಕಂಪನಿ ತಕ್ಷಣ ಸರಿ ಮಾಡಿದ 1.18.1 ಆವೃತ್ತಿ ಬಿಟ್ಟಿತು. ಅವತ್ತು ಅಪ್‌ಡೇಟ್ ಬೇಡ ಅಂದವರು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಗಾತ್ರದ ವಿಷಯ. ಗೇಮಿನ ಚಿತ್ರ, ಸದ್ದು ಎಲ್ಲವನ್ನೂ ದೊಡ್ಡ ದೊಡ್ಡ ಗಂಟು ಕಟ್ಟಿ ಇಟ್ಟಿರುತ್ತಾರೆ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಆ ಗಂಟನ್ನು ಸುಮಾರು 1 ಎಂಬಿಯ ತುಂಡುಗಳಾಗಿ ನೋಡುತ್ತದೆ, ಬದಲಾದ ತುಂಡು ಮಾತ್ರ ತರಿಸುತ್ತದೆ. ಆದರೆ ಡೆವಲಪರ್ (ಗೇಮ್ ಮಾಡುವವರು) ಗಂಟನ್ನೇ ಬಿಚ್ಚಿ ಬೇರೆ ಕ್ರಮದಲ್ಲಿ ಕಟ್ಟಿದರೆ ಬಹಳಷ್ಟು ತುಂಡು ಹೊಸದಾಗಿ ಕಾಣುತ್ತವೆ, ಆಗ ಚಿಕ್ಕ ರಿಪೇರಿಗೂ ಜಿಬಿಗಟ್ಟಲೆ ಇಳಿಸಬೇಕು. ಇದು ಅವರ ಕಡೆಯ ಅಜಾಗರೂಕತೆಯೇ, ಸಮರ್ಥಿಸಲಾರೆ.

ನಿಮಗೆ ಹಾಸ್ಟೆಲ್‌ನಲ್ಲಿ ಒಂದು ದಾರಿ ಇದೆ. 2023ರಿಂದ ಸ್ಟೀಮ್‌ನಲ್ಲಿ ಲೋಕಲ್ ನೆಟ್‌ವರ್ಕ್ ಮೂಲಕ ಗೇಮ್ ವರ್ಗಾಯಿಸಬಹುದು. ಒಬ್ಬರು ಇಳಿಸಿದರೆ ಸಾಕು, ಅದೇ ಗೇಮ್ ಕೊಂಡಿರುವ ಪಕ್ಕದ ರೂಮಿನವರು ಇಂಟರ್ನೆಟ್‌ನಿಂದ ಮತ್ತೆ ಇಳಿಸದೆ ಅವರ ಕಂಪ್ಯೂಟರ್‌ನಿಂದ ತಗೊಳ್ಳಬಹುದು. ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ಭಾಗದಲ್ಲಿ ಸಿಗುತ್ತದೆ. ಅಪ್‌ಡೇಟ್ ಆಗುವ ಸಮಯವನ್ನು ಬೆಳಗಿನ ಜಾವಕ್ಕೆ ಇಡುವ ಆಯ್ಕೆಯೂ ಅಲ್ಲೇ ಇದೆ.

ಪ್ರಶ್ನೆ: ನಮಸ್ತೆ. ನಾನು ಉಡುಪಿಯ ಗೃಹಿಣಿ. ಮಗ ಹುಟ್ಟುಹಬ್ಬದ ದುಡ್ಡಿನಲ್ಲಿ ಒಂದು ಗೇಮ್ ಕೊಂಡಿದ್ದ. ಈಗ ಕಂಪನಿಯವರು ಸರ್ವರ್ ನಿಲ್ಲಿಸುತ್ತಾರಂತೆ, ಇನ್ನು ಆಡೋಕೆ ಆಗಲ್ಲ ಅಂತ ಅಳುತ್ತಾನೆ. ದುಡ್ಡು ಕೊಟ್ಟು ತಗೊಂಡ ವಸ್ತುವನ್ನು ಹೀಗೆ ಕಿತ್ತುಕೊಳ್ಳಬಹುದಾ?

ಉತ್ತರ: ಮೇಡಂ, ನಿಮ್ಮ ಮಗ ಅಳುವುದರಲ್ಲಿ ಅರ್ಥ ಇದೆ. ನೀವು ಕೇಳಿದ ಇದೇ ಪ್ರಶ್ನೆಯನ್ನು ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಕೇಳಿದ್ದಾರೆ.

ಅದರ ಹಿಂದೆ ಇರುವುದು ದ ಕ್ರೂ ಅನ್ನುವ ಕಾರ್ ರೇಸಿಂಗ್ ಗೇಮ್. ಯೂಬಿಸಾಫ್ಟ್ 2014ರಲ್ಲಿ ಬಿಟ್ಟದ್ದು. ಒಬ್ಬರೇ ಕೂತು ಆಡಿದರೂ ಇಂಟರ್ನೆಟ್ ಬೇಕೇ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು, ಡಿಸ್ಕ್ ಕೊಂಡವರ ಕೈಯಲ್ಲೂ ಆಟ ಸತ್ತಿತು. ಆಗ ರಾಸ್ ಸ್ಕಾಟ್ ಅನ್ನುವವರು ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಂತ ಚಳವಳಿ ಶುರು ಮಾಡಿದರು. ಸರ್ವರ್‌ಗಳನ್ನು ಶಾಶ್ವತವಾಗಿ ನಡೆಸಿ ಅಂತ ಅವರು ಕೇಳುತ್ತಿಲ್ಲ. ಹೋಗುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತ ಮಾತ್ರ. 2025ರ ಜುಲೈನಲ್ಲಿ ಸಹಿ ಹತ್ತು ಲಕ್ಷ ದಾಟಿತು. ಯೂಬಿಸಾಫ್ಟ್ ಕೂಡ ಮುಂದಿನ ಗೇಮ್ ದ ಕ್ರೂ 2ಕ್ಕೆ 2025ರಲ್ಲಿ ಆಫ್‌ಲೈನ್ ಆಡುವ ವ್ಯವಸ್ಥೆ ಕೊಟ್ಟಿತು. ಜನ ಗಲಾಟೆ ಮಾಡಿದ್ದಕ್ಕೆ ಉಪಯೋಗ ಆಯಿತು ಅಂತಲೇ ನಾನು ನಂಬುತ್ತೇನೆ.

ಕಾನೂನಿನ ಮಾತು ಬೇರೆ. ನಾವು ಡಿಜಿಟಲ್ ಅಂಗಡಿಯಲ್ಲಿ ಕೊಳ್ಳುವುದು ಗೇಮನ್ನಲ್ಲ, ಆಡುವ ಅನುಮತಿಯನ್ನು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇದನ್ನು ಮಾರುವಾಗಲೇ ಸ್ಪಷ್ಟವಾಗಿ ಹೇಳಬೇಕು ಅಂತ ಕಾನೂನು ಬಂದಿದೆ. ನಮ್ಮವರಿಗೂ ಇದರ ಬಿಸಿ ಗೊತ್ತು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧ ಆದಾಗ ಎಷ್ಟು ಮಕ್ಕಳು ದುಡ್ಡು ಹಾಕಿ ಸೇರಿಸಿಟ್ಟುಕೊಂಡ ಬಟ್ಟೆ, ಗನ್ ಸ್ಕಿನ್ ಎಲ್ಲ ಹೋಯಿತು ಅಂತ ಕೂತಿದ್ದರು! ಮುಂದಿನ ವರ್ಷ ಪಬ್‌ಜಿಯ ಕಂಪನಿ ಕ್ರಾಫ್ಟನ್ ಅದರ ಭಾರತದ ಆವೃತ್ತಿ ಬಿಜಿಎಂಐ ತಂದಾಗ ಹಳೇ ಖಾತೆಯ ಸಾಮಾನನ್ನು ಹೊಸದಕ್ಕೆ ತಂದುಕೊಳ್ಳಲು ಅವಕಾಶ ಕೊಟ್ಟಿತು. ಅದು ಒಳ್ಳೆಯ ಕೆಲಸ.

ಮರ್ಯಾದೆಯಿಂದ ಬಾಗಿಲು ಹಾಕಿದವರೂ ಇದ್ದಾರೆ. ಗೂಗಲ್ ಇಂಟರ್ನೆಟ್ ಮೂಲಕವೇ ಗೇಮ್ ಆಡಿಸುವ ತನ್ನ ಸ್ಟೇಡಿಯಾ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚುವಾಗ ಕೊಂಡ ಗೇಮ್‌ಗಳ ದುಡ್ಡು ವಾಪಸ್ ಕೊಟ್ಟಿತು, ಕಂಟ್ರೋಲರ್ ಕಸವಾಗದ ಹಾಗೆ ಅದರ ಬ್ಲೂಟೂತ್ ತೆರೆದುಕೊಟ್ಟಿತು. ಸೋನಿಯ ಕಾಂಕರ್ಡ್ 2024ರಲ್ಲಿ ಬಿಡುಗಡೆಯಾಗಿ ಎರಡೇ ವಾರಕ್ಕೆ ನಿಂತಿತು, ಅಲ್ಲೂ ಎಲ್ಲರಿಗೂ ದುಡ್ಡು ವಾಪಸ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವೆಲಾನ್ ಸ್ಟುಡಿಯೋಸ್. ಅವರ ನಾಕೌಟ್ ಸಿಟಿ 2023ರ ಜೂನ್‌ನಲ್ಲಿ ಮುಚ್ಚಿತು, ಆದರೆ ಮುಚ್ಚುವಾಗ ಜನ ತಾವೇ ಸರ್ವರ್ ನಡೆಸಿಕೊಳ್ಳುವ ಆವೃತ್ತಿಯನ್ನು ಪುಕ್ಕಟೆಯಾಗಿ ಕೊಟ್ಟು ಹೋದರು. ಮನೆ ಖಾಲಿ ಮಾಡುವಾಗ ಬೀಗದ ಕೈ ಕೊಟ್ಟು ಹೋಗುವುದು ಅಂದರೆ ಇದು.

ನೀವು ಈಗ ಮಾಡಬೇಕಾದದ್ದು: ಕಂಪನಿಯ ಪ್ರಕಟಣೆಯಲ್ಲಿ ರಿಫಂಡ್ ಅಥವಾ ಆಫ್‌ಲೈನ್ ಅನ್ನುವ ಮಾತಿದೆಯಾ ನೋಡಿ. ಬಿಲ್ ಇಟ್ಟುಕೊಂಡು ಅಂಗಡಿಗೂ ಕಂಪನಿಗೂ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಮುಂದಿನ ಸಲ ಕೊಳ್ಳುವ ಮುಂಚೆ ಮಗನ ಜೊತೆ ಕೂತು ಒಂದೇ ಒಂದು ವಿಷಯ ನೋಡಿ, ಇಂಟರ್ನೆಟ್ ಇಲ್ಲದೆ ಇದು ತೆರೆಯುತ್ತದಾ?

ಪ್ರಶ್ನೆ: ಒಂದೇ ಗೇಮ್, ಒಂದೇ ತೊಂದರೆ. ಪಿಸಿಗೆ ರಿಪೇರಿ ಮೊದಲು ಬಂತು, ನನ್ನ ಕನ್ಸೋಲ್‌ಗೆ ಹತ್ತು ದಿನ ಆದಮೇಲೆ. ಯಾಕೆ ಈ ಭೇದ? (ಮೈಸೂರಿನಿಂದ ಒಬ್ಬರು)

ಉತ್ತರ: ಕನ್ಸೋಲ್‌ನಲ್ಲಿ, ಅಂದರೆ ಗೇಮ್ ಆಡಲೆಂದೇ ಮಾಡಿದ ಯಂತ್ರದಲ್ಲಿ, ಮಧ್ಯೆ ಒಂದು ಗೇಟ್ ಇದೆ. ಅದನ್ನು ಮಾಡುವ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೋ ಅಪ್‌ಡೇಟ್‌ಗಳಿಗೂ ತಮ್ಮ ಪರೀಕ್ಷೆಯ ನಿಯಮ ಇಟ್ಟಿರುತ್ತವೆ. ಅದನ್ನು ದಾಟಿ ಬರಬೇಕು. ಹಿಂದೆ ಇದಕ್ಕೆ ದುಡ್ಡೂ ಕಟ್ಟಬೇಕಿತ್ತು. 2012ರಲ್ಲಿ ಫೆಜ್ ಅನ್ನುವ ಚಿಕ್ಕ ತಂಡದ ಗೇಮಿಗೆ ಬಂದ ಒಂದು ರಿಪೇರಿ ಕೆಲವರ ಸೇವ್ ಫೈಲನ್ನೇ (ಎಲ್ಲಿಯವರೆಗೆ ಆಡಿದ್ದೇವೆ ಅಂತ ಉಳಿಸಿಡುವ ಫೈಲ್) ಹಾಳು ಮಾಡಿತು, ಅದನ್ನು ಹಿಂದಕ್ಕೆ ತೆಗೆದರು. ಸರಿ ಮಾಡಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕನ್ಸೋಲ್‌ಗೆ ಮತ್ತೆ ಕಳಿಸಲು ಶುಲ್ಕ ನಮ್ಮ ಕೈಲಾಗದು ಅಂತ ತಂಡ ಹೇಳಿತು, ಅದೇ ಹಾಳಾದ ರಿಪೇರಿಯನ್ನೇ ವಾಪಸ್ ಹಾಕಿತು. ಮುಂದಿನ ವರ್ಷ ಮೈಕ್ರೋಸಾಫ್ಟ್ ಆ ಶುಲ್ಕ ತೆಗೆದುಹಾಕಿತು. ಹಾಗಾಗಿ ತಡಕ್ಕೆಲ್ಲ ಡೆವಲಪರನ್ನೇ ಬೈಯಬೇಡಿ.

ಪ್ರಶ್ನೆ: ಬಿಡುಗಡೆಯ ದಿನ ಕೆಟ್ಟದಾಗಿದ್ದ ಗೇಮ್ ಆಮೇಲೆ ಸರಿಹೋಗುತ್ತೆ ಅಂತ ನಂಬಬಹುದಾ? ನೋ ಮ್ಯಾನ್ಸ್ ಸ್ಕೈ ಉದಾಹರಣೆ ಕೊಡುತ್ತಾರೆ ಎಲ್ಲರೂ.

ಉತ್ತರ: ಆ ಉದಾಹರಣೆ ನಿಜ, ಆದರೆ ಅಪರೂಪದ್ದು. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹೆಲೋ ಗೇಮ್ಸ್ ಅನ್ನುವ ಪುಟ್ಟ ತಂಡ 2016ರ ಆಗಸ್ಟ್‌ನಲ್ಲಿ ಅದನ್ನು ಬಿಟ್ಟಾಗ ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ತುಂಬಾ ಅಂತರ ಇತ್ತು. ಜನ ಉರಿದುಬಿದ್ದರು. ತಂಡದ ಮುಖ್ಯಸ್ಥ ಶಾನ್ ಮರ್ರಿ ಮಾತು ನಿಲ್ಲಿಸಿ ಕೆಲಸಕ್ಕೆ ಕೂತರು. ಅದೇ ನವೆಂಬರ್‌ನಲ್ಲಿ ಮೊದಲ ದೊಡ್ಡ ಅಪ್‌ಡೇಟ್, 2018ರಲ್ಲಿ ಎಲ್ಲರೂ ಸೇರಿ ಆಡುವ ವ್ಯವಸ್ಥೆ, ಆಮೇಲೂ ವರ್ಷ ವರ್ಷ ಬರುತ್ತಲೇ ಇದೆ. ಒಂದಕ್ಕೂ ದುಡ್ಡು ಕೇಳಿಲ್ಲ. ಫೈನಲ್ ಫ್ಯಾಂಟಸಿ 14 ಇನ್ನೂ ಧೈರ್ಯದ ಕಥೆ. 2010ರಲ್ಲಿ ಸೋತ ಗೇಮನ್ನು ನವೋಕಿ ಯೋಶಿದಾ ವಹಿಸಿಕೊಂಡರು, 2012ರಲ್ಲಿ ಹಳೆಯದರ ಸರ್ವರ್ ನಿಲ್ಲಿಸಿದರು, ಕಥೆಯೊಳಗೇ ಒಂದು ಚಂದ್ರನನ್ನು ಆ ಲೋಕದ ಮೇಲೆ ಬೀಳಿಸಿದರು, 2013ರಲ್ಲಿ ಹೊಸದಾಗಿ ಕಟ್ಟಿ ತಂದರು. ಸೈಬರ್‌ಪಂಕ್ 2077ನ್ನು ಸೋನಿ ತನ್ನ ಅಂಗಡಿಯಿಂದಲೇ ತಿಂಗಳುಗಟ್ಟಲೆ ತೆಗೆದಿತ್ತು. ಅದು ಪೂರ್ತಿ ಬೇರೆ ಗೇಮ್ ಅನಿಸುವ ಹಾಗೆ ಆಗಲು 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಬರಬೇಕಾಯಿತು. ಬಿಡುಗಡೆಯಾಗಿ ಹೆಚ್ಚುಕಡಿಮೆ ಮೂರು ವರ್ಷ!

ಇವರ ಬಗ್ಗೆ ನನಗೆ ಗೌರವ ಇದೆ. ಆದರೆ ಇವರ ಹೆಸರು ಹೇಳಿಕೊಂಡು ಅರೆಬೆಂದ ಅನ್ನ ಬಡಿಸುವುದನ್ನು ಒಪ್ಪಲಾರೆ. ಮುಂಗಡ ಬುಕಿಂಗ್ ಮಾಡಬೇಡಿ. ಒಂದು ವಾರ ಕಾಯಿರಿ. ಸ್ಟೀಮ್‌ನಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು, ಆ ಎರಡು ಗಂಟೆಯನ್ನು ಮೆನು ನೋಡುವುದರಲ್ಲಿ ಕಳೆಯಬೇಡಿ.

ಪ್ರಶ್ನೆ: ಸಪೋರ್ಟ್‌ಗೆ ಬರೆದರೆ ಯಂತ್ರದ ಉತ್ತರ ಬರುತ್ತದೆ. ಬರೆದು ಉಪಯೋಗ ಇದೆಯಾ?

ಉತ್ತರ: ಇದೆ, ಬರೆಯುವ ರೀತಿಯಲ್ಲಿದೆ. ನನ್ನದೇ ಒಂದು ಗೇಮಿನಲ್ಲಿ ನಲವತ್ತು ಗಂಟೆಯ ಸೇವ್ ಹೋಗಿತ್ತು. ಮೊದಲ ಎರಡು ಮೇಲ್‌ಗಳಲ್ಲಿ ಬರೀ ಸಿಟ್ಟು ಬರೆದಿದ್ದೆ, ಎರಡಕ್ಕೂ ಅದೇ ಸಿದ್ಧ ಉತ್ತರ. ಮೂರನೆಯದರಲ್ಲಿ ಕಂಪ್ಯೂಟರ್ ವಿವರ, ಗೇಮಿನ ಆವೃತ್ತಿ ಸಂಖ್ಯೆ, ಯಾವ ಬಟನ್ ಒತ್ತಿದಾಗ ಏನಾಯಿತು, ಎಷ್ಟು ಸಲ ಹಾಗೇ ಆಯಿತು ಅಂತ ಬರೆದು ಸೇವ್ ಫೈಲನ್ನೂ ಕಳಿಸಿದೆ. ನಾಲ್ಕು ದಿನಕ್ಕೆ ಮನುಷ್ಯರೇ ಬರೆದರು, ಫೈಲ್ ಸರಿ ಮಾಡಿ ಕೊಟ್ಟರು. ಡೆವಲಪರ್ ತನ್ನ ಕಂಪ್ಯೂಟರ್‌ನಲ್ಲಿ ನಿಮ್ಮ ತೊಂದರೆಯನ್ನು ಮತ್ತೆ ತರಿಸಿ ನೋಡಲು ಆದರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಮೂವರು ಗೆಳೆಯರು ಸೇರಿ ಫೋನ್ ಗೇಮ್ ಮಾಡುತ್ತಿದ್ದೇವೆ. ಬಿಟ್ಟ ಮೇಲೆ ಎಷ್ಟು ದಿನ ನೋಡಿಕೊಳ್ಳಬೇಕು?

ಉತ್ತರ: ಈ ಪತ್ರ ನೋಡಿ ತುಂಬಾ ಖುಷಿಯಾಯಿತು. ಒಂದು ವಿಷಯ ಮೊದಲೇ ತಿಳಿದಿರಲಿ, ನೀವು ಗೇಮ್ ಮುಟ್ಟದಿದ್ದರೂ ಪ್ಲಾಟ್‌ಫಾರ್ಮ್ ಬದಲಾಗುತ್ತಲೇ ಇರುತ್ತದೆ. 2017ರಲ್ಲಿ ಐಫೋನಿಗೆ ಐಒಎಸ್ 11 ಬಂದಾಗ ಹಳೇ ರೀತಿಯ 32 ಬಿಟ್ ಆ್ಯಪ್‌ಗಳೆಲ್ಲ ಒಂದೇ ಏಟಿಗೆ ನಿಂತವು, ಎಷ್ಟೋ ಒಳ್ಳೆಯ ಗೇಮ್‌ಗಳು ಹಾಗೇ ಕಳೆದುಹೋದವು. ಗೂಗಲ್ ಪ್ಲೇ ಪ್ರತಿ ವರ್ಷ ಹೊಸ ಆಂಡ್ರಾಯ್ಡ್‌ಗೆ ಹೊಂದಿಸಿ ಅನ್ನುತ್ತದೆ, ಹೊಂದಿಸದಿದ್ದರೆ ಹೊಸ ಫೋನ್ ಕೊಂಡವರಿಗೆ ನಿಮ್ಮ ಗೇಮ್ ಕಾಣಿಸುವುದೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಗೇಮ್ ಕಟ್ಟಲು ಬಳಸುವ ಯುನಿಟಿ ಎಂಜಿನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಒಂದು ಭದ್ರತಾ ತೂತು ಹೊರಬಿತ್ತು. 2017ರಿಂದ ಈಚಿನ ಆವೃತ್ತಿಗಳಲ್ಲಿ ಮಾಡಿದ ಗೇಮ್‌ಗಳನ್ನು ಹಿಡಿದು ಸರಿ ಮಾಡಿ ಮತ್ತೆ ಬಿಡಬೇಕಾಯಿತು. ಎಂಟು ವರ್ಷದ ಹಿಂದಿನ ಪ್ರಾಜೆಕ್ಟ್ ಎಲ್ಲಿಟ್ಟೆವು ಅಂತ ಹುಡುಕಬೇಕಾದವರ ಪಾಡು ಊಹಿಸಿ.

ಇಷ್ಟು ದಿನ ಅಂತ ಲೆಕ್ಕ ಹೇಳಲಾರೆ. ಸ್ಟಾರ್ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ಒಬ್ಬರೇ ಮಾಡಿ 2016ರಲ್ಲಿ ಬಿಟ್ಟರು, ಎಂಟು ವರ್ಷದ ನಂತರ 2024ರಲ್ಲೂ ದೊಡ್ಡ ಅಪ್‌ಡೇಟ್ ಪುಕ್ಕಟೆ ಕೊಟ್ಟರು. ಅಮಾಂಗ್ ಅಸ್ ಮಾಡಿದವರು 2020ರಲ್ಲಿ ಜನ ಮುಗಿಬಿದ್ದಾಗ ಎರಡನೇ ಭಾಗದ ಯೋಜನೆ ಕೈಬಿಟ್ಟು ಇರುವ ಗೇಮನ್ನೇ ಗಟ್ಟಿ ಮಾಡಲು ಕೂತರು. ಅಷ್ಟು ಆಗದಿದ್ದರೂ ಸರಿ. ಸರ್ವರ್ ಬೇಕಿಲ್ಲದ ಗೇಮಿಗೆ ಸರ್ವರ್ ಕಟ್ಟಬೇಡಿ, ತಿಂಗಳ ಬಿಲ್ ನಿಮ್ಮನ್ನೇ ತಿನ್ನುತ್ತದೆ. ಪ್ರಾಜೆಕ್ಟ್ ಫೈಲ್, ಬಳಸಿದ ಎಂಜಿನ್‌ನ ಅದೇ ಆವೃತ್ತಿ, ಅಪ್‌ಡೇಟ್ ನಿಮ್ಮದೇ ಅಂತ ತೋರಿಸುವ ಡಿಜಿಟಲ್ ಸಹಿಯ ಕೀ, ಈ ಮೂರನ್ನೂ ಎರಡು ಬೇರೆ ಬೇರೆ ಕಡೆ ಇಡಿ, ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬೇಡ. ಗೇಮ್ ತಯಾರಾದ ಮೇಲೆ ನನಗೂ ಲಿಂಕ್ ಕಳಿಸಿ, ನನ್ನ ಹಳೇ ಫೋನಿನಲ್ಲಿ ಆಡಿ ಎಲ್ಲಿ ತಡವರಿಸುತ್ತದೆ ಅಂತ ಬರೆದು ಕಳಿಸುತ್ತೇನೆ.