ನೀರೊಳಗೆ ಕೆಂಪು ಬಣ್ಣ ಎಲ್ಲಿ ಹೋಗುತ್ತೆ?

ಓದುಗರ ಕ್ಯಾಮೆರಾ ಪ್ರಶ್ನೆಗಳಿಗೆ ಬಳ್ಳಾರಿಯ ಮದುವೆ ವಿಡಿಯೊಗ್ರಾಫರ್ ಒಬ್ಬರ ಉತ್ತರ

ಪ್ರಶ್ನೆ: ಅಣ್ಣಾ, ನಾನು ಗಂಗಾವತಿಯವನು. ಸ್ಕೂಬಾ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ. ಡಿಸೆಂಬರ್‌ನಲ್ಲಿ ಗೆಳೆಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡಿದೆ. ಗೋಪ್ರೊ ಹೀರೊ 11 ಆ್ಯಕ್ಷನ್ ಕ್ಯಾಮೆರಾ ಒಯ್ದಿದ್ದೆ, ಎಲ್ಲ ಆಟೋದಲ್ಲೇ ಬಿಟ್ಟಿದ್ದೆ. ಕಣ್ಣಿಗೆ ಚಂದ ಕಂಡದ್ದೆಲ್ಲ ವಿಡಿಯೊದಲ್ಲಿ ಬರೀ ಹಸಿರು. ಗೆಳೆಯ ಕಾಲಿಗೆ ಹಾಕಿದ್ದ ಕೆಂಪು ಫಿನ್ಸ್ ಕಪ್ಪಾಗಿ ಬಿದ್ದಿವೆ. ಯಾವ ಸೆಟ್ಟಿಂಗ್ ಇಡಬೇಕು? ಕೆಂಪು ಫಿಲ್ಟರ್ ಕೊಂಡರೆ ಸರಿ ಹೋಗುತ್ತಾ?

ಉತ್ತರ: ಇದರಲ್ಲಿ ಕ್ಯಾಮೆರಾದ ತಪ್ಪು ಕಡಿಮೆ, ನೀರಿನದೇ ಜಾಸ್ತಿ. ನೀರು ಎಲ್ಲ ಬಣ್ಣವನ್ನೂ ಒಂದೇ ಸಮ ನುಂಗುವುದಿಲ್ಲ. ಮೊದಲು ಹೋಗುವುದು ಕೆಂಪು. 5-6 ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಮಾಯ. ಆಮೇಲೆ ಕಿತ್ತಳೆ, ಇನ್ನೂ ಆಳಕ್ಕೆ ಹಳದಿ. ನಿಮ್ಮ ಕಣ್ಣಿಗೆ ಚಂದ ಕಂಡಿದ್ದು ಯಾಕೆ ಅಂದರೆ, ಮಿದುಳು ಅಲ್ಲಿಂದಲ್ಲಿಗೇ ಸರಿಮಾಡಿ ತೋರಿಸುತ್ತೆ. ಕ್ಯಾಮೆರಾ ಅಷ್ಟು ಮಾಡಲ್ಲ.

ಬಹಳ ಜನ ಬರೀ ಆಳ ನೋಡ್ತಾರೆ, ಅಡ್ಡ ದೂರ ಮರೀತಾರೆ. ಬಿಸಿಲು ಮೇಲಿನಿಂದ ಮೀನಿಗೆ ಬಂದು, ಮೀನಿನಿಂದ ನಿಮ್ಮ ಲೆನ್ಸಿಗೆ ಬರಬೇಕು ಅಲ್ವಾ? ಮೀನು 10 ಮೀಟರ್ ಆಳದಲ್ಲಿದ್ದು, ನೀವು ಅದರಿಂದ 3 ಮೀಟರ್ ದೂರ ಇದ್ದರೆ ಬೆಳಕು ದಾಟುವ ನೀರು 13 ಮೀಟರ್. ಜೊತೆಗೆ ನಡುವೆ ತೇಲುವ ಕಣಗಳು ಬೇರೆ. ಮೀನಿಗೆ ಅರ್ಧ ಮೀಟರ್ ದೂರದವರೆಗೂ ಹತ್ತಿರ ಹೋದರೆ ಚಿತ್ರ ಬಿಚ್ಚಿಕೊಳ್ಳುತ್ತೆ. ಹೋದ ಬಣ್ಣವನ್ನು ಯಾವ ಸೆಟ್ಟಿಂಗೂ ತಂದುಕೊಡಲ್ಲ, ಹತ್ತಿರ ಹೋಗುವುದೇ ದೊಡ್ಡ ಸೆಟ್ಟಿಂಗ್. ಜೂಮ್ ಅಂತೂ ಮುಟ್ಟಲೇಬೇಡಿ.

ಈಗ ಮೆನುಗೆ ಬರೋಣ. ಮೊದಲು ಈಸಿ ಕಂಟ್ರೋಲ್ ತೆಗೆದು ಪ್ರೊ ಕಂಟ್ರೋಲ್ ಹಾಕಿ, ಇಲ್ಲದಿದ್ದರೆ ಮುಂದಿನ ಆಯ್ಕೆಗಳು ಕಾಣಿಸುವುದೇ ಇಲ್ಲ. ನಾನು 4ಕೆ, ಸೆಕೆಂಡಿಗೆ 50 ಫ್ರೇಮ್ ಇಡುತ್ತೇನೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್, ಆಂಟಿ ಫ್ಲಿಕರ್ ಅನ್ನೂ 50ಕ್ಕೇ ಇಟ್ಟರೆ ಲಾಡ್ಜಿನ ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದೂ ಮಿಣುಕುವುದಿಲ್ಲ. ನೀರೊಳಗೆ ಆ ಚಿಂತೆ ಇಲ್ಲ. ಆದರೆ ಎಲ್ಲ ತುಣುಕೂ ಒಂದೇ ಲೆಕ್ಕದಲ್ಲಿದ್ದರೆ ಎಡಿಟಿಂಗ್ ಸುಲಭ. 50 ಫ್ರೇಮ್ ಇದ್ದರೆ ಅರ್ಧ ವೇಗಕ್ಕೆ ಇಳಿಸಬಹುದು. ಕೈ ಅಲುಗಾಡಿದ್ದೂ ಮುಚ್ಚಿಹೋಗುತ್ತೆ. ನೀರು ಕಲಕಿ ಕತ್ತಲಾಗಿದ್ದರೆ 25 ಸಾಕು.

ಲೆನ್ಸ್ ವೈಡ್ ಇರಲಿ. ನೀರಿನಲ್ಲಿ ಬೆಳಕು ಬಾಗುವುದರಿಂದ ಹೌಸಿಂಗಿನ (ಕ್ಯಾಮೆರಾಕ್ಕೆ ಹಾಕುವ ನೀರು ಸೋರದ ಪೆಟ್ಟಿಗೆಯ) ಚಪ್ಪಟೆ ಗಾಜಿನ ಹಿಂದೆ ಎಲ್ಲವೂ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತೆ, ಚೌಕಟ್ಟು ಕಿರಿದಾಗುತ್ತೆ. ಅದರ ಮೇಲೆ ಬಾಗಿದ ಅಂಚನ್ನು ನೆಟ್ಟಗೆ ಮಾಡುವ ಲೀನಿಯರ್ ಹಾಕಿದರೆ ಇನ್ನೂ ಕತ್ತರಿಸುತ್ತೆ. ಅಲುಗಾಟ ತಗ್ಗಿಸುವ ಹೈಪರ್‌ಸ್ಮೂತ್ ಆನ್ ಇರಲಿ, ಅದರ ಬೂಸ್ಟ್ ಬೇಡ.

ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವುದು, ಕನಿಷ್ಠ 100, ಗರಿಷ್ಠ 800. ಆಟೋ ಬಿಟ್ಟರೆ ಕತ್ತಲಲ್ಲಿ ತಾನಾಗಿ ಮೇಲೇರಿ ಚಿತ್ರದ ತುಂಬ ಕಾಳು ಕಾಳು. ಶಟರ್ ಆಟೋದಲ್ಲೇ ಇರಲಿ, ಅದನ್ನು ಕೆದಕಬೇಡಿ. ಚಿತ್ರದ ಒಟ್ಟು ಬೆಳಕು ಹೆಚ್ಚುಕಡಿಮೆ ಮಾಡುವ ಇವಿ ಮೈನಸ್ 0.5. ಇಲ್ಲದಿದ್ದರೆ ಮೇಲೆ ನೋಡಿ ತೆಗೆದಾಗ ಬಿಸಿಲಿನ ಭಾಗ ಬೆಳ್ಳಗೆ ಸುಟ್ಟುಹೋಗುತ್ತೆ. ಶಾರ್ಪ್‌ನೆಸ್ ಲೋ. ಹೈ ಇಟ್ಟರೆ ಮೀನಿಗಿಂತ ತೇಲುವ ಕಸವೇ ಎದ್ದು ಕಾಣುತ್ತೆ.

ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗೇ ತೋರಿಸಲು ಬಣ್ಣ ಹೊಂದಿಸುವ ವಿಷಯ, ಸ್ವಲ್ಪ ಬಿಡಿಸಿ ಹೇಳಬೇಕು. ಕಲ್ಯಾಣ ಮಂಟಪದಲ್ಲಿ ಆಪರೇಟರ್ ಬಣ್ಣದ ಎಲ್‌ಇಡಿ ಬದಲಿಸಿದಾಗಲೆಲ್ಲ ಆಟೋದಲ್ಲಿರುವ ಕ್ಯಾಮೆರಾ ಮದುಮಗಳ ಮುಖವನ್ನು ಒಮ್ಮೆ ಹಳದಿ, ಒಮ್ಮೆ ನೀಲಿ ಮಾಡುತ್ತೆ. ಸಮುದ್ರದಲ್ಲೂ ಇದೇ ಕಥೆ. ಹವಳದ ಮೇಲಿಂದ ಕ್ಯಾಮೆರಾ ತಿರುಗಿಸಿ ಬರೀ ನೀರಿಗೆ ಹಿಡಿದರೆ, ಒಂದೇ ತುಣುಕಿನ ನಡುವೆ ಬಣ್ಣ ಜಾರುತ್ತೆ. ಆ ಜಾರಿದ್ದನ್ನು ಎಡಿಟಿಂಗಲ್ಲಿ ಸರಿಮಾಡೋದು ತಲೆನೋವು. ಆದ್ದರಿಂದ ಕಂಪ್ಯೂಟರಿನಲ್ಲಿ ಕೂತು ಬಣ್ಣ ತಿದ್ದುವ ತಾಳ್ಮೆ ಇದ್ದರೆ ವೈಟ್ ಬ್ಯಾಲೆನ್ಸ್ ನೇಟಿವ್ (ಕ್ಯಾಮೆರಾ ಬಣ್ಣ ಹೆಚ್ಚು ತಿದ್ದದೆ ಬಿಡುತ್ತೆ), ಕಲರ್ ಫ್ಲ್ಯಾಟ್, 10 ಬಿಟ್ ಆನ್, ಬಿಟ್‌ರೇಟ್ ಹೈ. ಮೆಮೊರಿ ಕಾರ್ಡ್ ಕನಿಷ್ಠ ವಿ30 ವೇಗದ್ದಾದರೂ ಇರಲಿ. ಫ್ಲ್ಯಾಟ್ ವಿಡಿಯೊ ಮೊದಲು ನೋಡಿದಾಗ ಪೇಲವ ಅನಿಸುತ್ತೆ, ಗಾಬರಿ ಬೇಡ. ದಡಕ್ಕೆ ಬಂದ ಕೂಡಲೇ ಫೋನಿನಿಂದ ಸ್ಟೇಟಸ್ ಹಾಕುವವರಿಗೆ ಆಟೋ ಮತ್ತು ನ್ಯಾಚುರಲ್ ಸಾಕು. ವೈಬ್ರೆಂಟ್ ಮಾತ್ರ ಬೇಡ, ಇರುವ ಹಸಿರನ್ನೇ ಇನ್ನಷ್ಟು ಬಳಿಯುತ್ತೆ.

ಫಿಲ್ಟರ್ ಬಗ್ಗೆ. ಕೆಂಪು ಫಿಲ್ಟರ್ ಇರುವುದು ತಿಳಿ ನೀಲಿ ನೀರಿಗೆ. ನಿಮ್ಮ ವಿಡಿಯೊ ಹಸಿರಾಗಿದೆ ಅಂದರೆ ಬೇಕಿರುವುದು ಮಜೆಂಟಾ, ಅಂದರೆ ನೇರಳೆ ಬೆರೆತ ಗುಲಾಬಿ. ಯಾವುದೇ ಆದರೂ ಸುಮಾರು 5 ಮೀಟರ್ ದಾಟಿದ ಮೇಲೇ ಹಾಕಿ, ಮೇಲೆ ಹಾಕಿದರೆ ಎಲ್ಲರ ಮುಖವೂ ಕೆಂಪು. 20 ಮೀಟರ್ ದಾಟಿದರೆ ಅಲ್ಲಿ ಕೆಂಪೇ ಉಳಿದಿಲ್ಲ, ಫಿಲ್ಟರ್ ಸುಮ್ನೆ ಕತ್ತಲು ಮಾಡುತ್ತೆ. ಅದಕ್ಕಿಂತ ಒಂದು ವಿಡಿಯೊ ಲೈಟ್ ಕೊಳ್ಳಿ ಅಂತ ನನ್ನ ಮಾತು. ಅಗಲವಾಗಿ ಹರಡುವ ಬೆಳಕಿರಬೇಕು. ಸಾಮಾನ್ಯ ಟಾರ್ಚ್ ನಡುವೆ ಒಂದು ಬಿಳಿ ಚುಕ್ಕೆ ಮಾತ್ರ ಕೊಡುತ್ತೆ. ಲೈಟಿನ ಬೆಳಕು ಕೆಲಸ ಮಾಡುವುದು ಒಂದು ಮೀಟರ್ ಆಸುಪಾಸು. ಅದನ್ನು ಲೆನ್ಸಿನ ಪಕ್ಕಕ್ಕೇ ಕಟ್ಟದೆ ತೋಳಿನಷ್ಟು ದೂರ ಇಡಿ. ಪಕ್ಕದಲ್ಲೇ ಇದ್ದರೆ ಎದುರಿನ ಕಣಗಳೆಲ್ಲ ಹೊಳೆದು ಹಿಮ ಬಿದ್ದಂತೆ ಆಗುತ್ತೆ. ಲೈಟ್ ಇದ್ದಾಗ ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್ ಇಡಿ, ಫಿಲ್ಟರ್ ಬಿಚ್ಚಿ. ಎರಡೂ ಒಟ್ಟಿಗೆ ಆಗಿಬರಲ್ಲ.

ಇದೆಲ್ಲ ದೋಣಿ ಹತ್ತುವ ಮೊದಲೇ ಮುಗಿಸಿ. ನೀರೊಳಗೆ ಟಚ್ ಸ್ಕ್ರೀನ್ ನಡೆಯಲ್ಲ, ಹೌಸಿಂಗಿನ ಗುಂಡಿಗಳೇ ಗತಿ. ಅಂದ ಹಾಗೆ ಹೀರೊ 11 ಹೌಸಿಂಗ್ ಇಲ್ಲದೆ 10 ಮೀಟರ್‌ವರೆಗೆ ಮಾತ್ರ. ನಿಮ್ಮ ಕೋರ್ಸಿನ ಮಿತಿ 18 ಮೀಟರ್. ಹಾಗಾಗಿ 60 ಮೀಟರಿನ ಹೌಸಿಂಗ್ ಬೇಕೇ ಬೇಕು.

ಪ್ರಶ್ನೆ: ಸರ್, ನಾನು ರಾಯಚೂರಿನವನು. ಹೊಸ ಕ್ಯಾಮೆರಾ. ಸಮುದ್ರಕ್ಕೆ ಹೋಗುವ ಮುಂಚೆ ಕೃಷ್ಣಾ ನದಿಯಲ್ಲೋ ತುಂಗಭದ್ರಾ ಕಾಲುವೆಯಲ್ಲೋ ಮುಳುಗಿಸಿ ನೋಡಬಹುದಾ?

ಉತ್ತರ: ದಯವಿಟ್ಟು ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ, ತುಂಗಭದ್ರೆಯಲ್ಲೂ ಇವೆ. ಕಾಲುವೆಯ ಸೆಳೆತ ನೋಡಲು ಸಪ್ಪೆ, ಇಳಿದರೆ ಹತ್ತಲು ಬರಲ್ಲ. ಸಾಲದ್ದಕ್ಕೆ ಕೆಸರು ನೀರು, ಏನೂ ಕಾಣಲ್ಲ.

ಮೊದಲು ಹೌಸಿಂಗಿನೊಳಗೆ ಕ್ಯಾಮೆರಾ ಬದಲು ಒಂದು ಟಿಶ್ಯೂ ಇಟ್ಟು ಮುಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ. ಅರ್ಧ ಗಂಟೆ ಬಿಟ್ಟು ತೆಗೆದು ನೋಡಿ. ಟಿಶ್ಯೂ ಒದ್ದೆಯಾಗದೆ ಇದ್ದರೆ ಈಜುಕೊಳದಲ್ಲಿ ಅನುಮತಿ ಕೇಳಿ ಗುಂಡಿಗಳನ್ನು ಒತ್ತಿ ರೂಢಿ ಮಾಡಿಕೊಳ್ಳಿ. ಕೊಳದಲ್ಲಿ ಬಣ್ಣದ ಪರೀಕ್ಷೆ ಆಗಲ್ಲ, ಅಷ್ಟು ಆಳ ಇರಲ್ಲ.

ಪ್ರಶ್ನೆ: ನಾನು ಕೊಪ್ಪಳದ ಶಾಲಾ ಶಿಕ್ಷಕಿ. ಈಜು ಬರಲ್ಲ. ರಜೆಯಲ್ಲಿ ಮೊದಲ ಸಲ ಸ್ಕೂಬಾ ಮಾಡುವವಳಿದ್ದೇನೆ. ತಮ್ಮನ ಆ್ಯಕ್ಷನ್ ಕ್ಯಾಮೆರಾ ಒಯ್ಯಲಾ?

ಉತ್ತರ: ಅಕ್ಕಾ, ಈ ಸಲ ಮನೆಯಲ್ಲೇ ಬಿಡಿ. ಮೊದಲ ಸಲ ನಿಮ್ಮ ಗಮನ ಉಸಿರಾಟದ ಮೇಲಿರಬೇಕು. ಚಿತ್ರ ಅಲುಗಬಾರದು ಅಂತ ಉಸಿರು ಹಿಡಿಯುವ ಚಟ ಕ್ಯಾಮೆರಾ ಹಿಡಿದವರಿಗೆಲ್ಲ ಇರುತ್ತೆ. ಸ್ಕೂಬಾದಲ್ಲಿ ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಜೀವಕ್ಕೇ ಅಪಾಯ. ಜೊತೆಗಿರುವ ಬೋಧಕರನ್ನೇ ವಿಡಿಯೊ ಕೇಳಿ, ಹಲವು ಕಡೆ ಅವರೇ ತೆಗೆದುಕೊಡುತ್ತಾರೆ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗಲ್ಲ, ರಜೆ ಹಾಕುವ ಮುಂಚೆ ಅದನ್ನು ನೋಡಿಕೊಳ್ಳಿ.

ಪ್ರಶ್ನೆ: ಸಂಡೂರಿನಿಂದ ಬರೆಯುತ್ತಿದ್ದೇನೆ. ನೀರಿಗೆ ಇಳಿದ ಹತ್ತು ನಿಮಿಷಕ್ಕೆ ಹೌಸಿಂಗಿನ ಒಳಗೆ ಮಂಜು ಕಟ್ಟಿತು. ನೀರು ಸೋರಿಲ್ಲ. ಯಾಕೆ?

ಉತ್ತರ: ಒಳಗೆ ಕ್ಯಾಮೆರಾ ಬಿಸಿಯಾಗುತ್ತೆ, ಹೊರಗೆ ನೀರು ತಂಪು. ಮುಚ್ಚುವಾಗ ಒಳಗೆ ಸೇರಿದ ಕರಾವಳಿಯ ತೇವದ ಗಾಳಿ ಗಾಜಿಗೆ ಹನಿಯಾಗಿ ಕೂರುತ್ತೆ. ದೋಣಿಯಲ್ಲಿ ಹೌಸಿಂಗ್ ತೆರೆಯಬೇಡಿ. ಲಾಡ್ಜಿನ ಎಸಿ ರೂಮಿನಲ್ಲೇ ತುಂಬಿದ ಬ್ಯಾಟರಿ ಹಾಕಿ, ತೇವ ಹೀರುವ ಆಂಟಿ ಫಾಗ್ ಪಟ್ಟಿ ಸೇರಿಸಿ ಮುಚ್ಚಿ. ವೈಫೈ, ಜಿಪಿಎಸ್ ಆಫ್ ಮಾಡಿದರೆ ಬಿಸಿಯೂ ಕಡಿಮೆ, ಬ್ಯಾಟರಿಯೂ ಉಳಿಯುತ್ತೆ. ದೋಣಿಯಲ್ಲಿ ಬಿಸಿಲಿಗೆ ಇಡದೆ ಒದ್ದೆ ಟವೆಲ್ ಸುತ್ತಿಡಿ.

ಸಂಡೂರು ಅಂದ ಮೇಲೆ ಇನ್ನೊಂದು ಮಾತು. ನಮ್ಮ ಅದಿರಿನ ಕೆಂಪು ಧೂಳು ಚೀಲದೊಳಗೂ ನುಗ್ಗುತ್ತೆ. ಹೌಸಿಂಗಿನ ರಬ್ಬರ್ ರಿಂಗ್ ಮೇಲೆ ಒಂದು ಕಣ ಅಥವಾ ಒಂದು ಕೂದಲು ಕೂತರೂ ನೀರು ಒಳಗೆ. ಪ್ರತಿ ಸಲ ಮುಚ್ಚುವ ಮುಂಚೆ ಬೆರಳಿನಿಂದ ಸವರಿ ನೋಡಿ. ಡೈವ್ ಮುಗಿದ ಮೇಲೆ ಹೌಸಿಂಗ್ ಮುಚ್ಚಿದಂತೆಯೇ ಸಿಹಿನೀರಲ್ಲಿ ನೆನೆಸಿ, ಗುಂಡಿಗಳನ್ನು ಒತ್ತಿ ಒತ್ತಿ ಉಪ್ಪು ಬಿಡಿಸಿ. ನೆರಳಲ್ಲಿ ಒಣಗಿಸಿ ಆಮೇಲೆ ತೆರೆಯಿರಿ.