ಓದುಗರ ಪ್ರಶ್ನೆ: ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ ಅಂದರೆ ಏನು?

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದ ಸುತ್ತ ಇದ್ದವು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಇಟ್ಟಿದ್ದೇನೆ. ನಾನು ಕಾರವಾರದ ಕ್ರೈಸ್ತ ಮನೆಯಲ್ಲಿ ಬೆಳೆದವನು. ಕ್ರೈಸ್ತರು ಏನು ನಂಬುತ್ತಾರೆ ಅನ್ನುವುದನ್ನು ಆ ಮನೆಯವನಾಗಿಯೇ ಹೇಳುತ್ತೇನೆ.

ಪ್ರಶ್ನೆ: ಡಿಸೆಂಬರ್ 3ಕ್ಕೆ ಗೆಳತಿಯ ಜೊತೆ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಹೋಗಿದ್ದೆ. ಪೂಜೆಯಲ್ಲಿ ಪಾದ್ರಿಗಳು ಬಟ್ಟಲು ಎತ್ತಿ ಹಿಡಿದು ಹೇಳಿದ ಮಾತಿನ ಅರ್ಥ ಕೇಳಿದೆ. ‘ಹೊಸ ಒಡಂಬಡಿಕೆಯ ರಕ್ತ’ ಅಂದಳು. ಹಳೆ, ಹೊಸ ಒಡಂಬಡಿಕೆ ಅಂದರೆ ಬೈಬಲ್‌ನ ಎರಡು ಭಾಗ ಅಂತ ತಿಳಿದಿದ್ದೆ. ಪುಸ್ತಕಕ್ಕೂ ರಕ್ತಕ್ಕೂ ಏನು ಸಂಬಂಧ? (ಓದುಗರು, ಕುಮಟಾ)

ಎಷ್ಟೋ ಕ್ರೈಸ್ತರೇ ಕೇಳದ ಪ್ರಶ್ನೆ ಕೇಳಿದ್ದೀರಿ. ಒಡಂಬಡಿಕೆ ಅನ್ನುವುದು ಪುಸ್ತಕದ ಹೆಸರಾದದ್ದು ಆಮೇಲೆ. ಮೊದಲು ಅದು ದೇವರು ಮತ್ತು ಜನರ ನಡುವೆ ಆದ ಮಾತು. ಒಡಂಬಡು ಅಂದರೆ ಒಪ್ಪಿಕೊಳ್ಳುವುದು. ಮರಾಠಿಯಲ್ಲಿ ಇದನ್ನೇ ‘ನವಾ ಕರಾರ್’ ಅನ್ನುತ್ತಾರೆ, ಗೋವಾದ ಕೊಂಕಣಿಯಲ್ಲಿ ‘ನವೊ ಕರಾರ್’. ಕರಾರು ಅಂದ ಕೂಡಲೇ ನಮಗೆ ಛಾಪಾ ಕಾಗದ, ಮನೆ ಬಾಡಿಗೆ ನೆನಪಾಗುತ್ತದೆ. ಅದು ಅರ್ಧ ಸರಿ. ಬಾಡಿಗೆ ಕರಾರು 11 ತಿಂಗಳಿಗೆ ಮುಗಿಯುತ್ತದೆ, ಅದರಿಂದ ಮನೆ ಮಾಲೀಕರು ನಮ್ಮ ನೆಂಟರಾಗುವುದಿಲ್ಲ. ಬೈಬಲ್‌ನ ಒಡಂಬಡಿಕೆ ಇಬ್ಬರನ್ನು ಒಂದು ಮನೆಯವರನ್ನಾಗಿ ಮಾಡುತ್ತದೆ. ಅದು ಮದುವೆಗೆ ಹತ್ತಿರ.

ಈಗ ರಕ್ತದ ವಿಷಯ. ಬೈಬಲ್‌ನ ಹಳೆಯ ಭಾಗದಲ್ಲಿರುವ ವಿಮೋಚನಕಾಂಡದ 24ನೇ ಅಧ್ಯಾಯ ತೆರೆಯಿರಿ. ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಬಂದ ಇಸ್ರಾಯೇಲಿನ ಜನ ಸೀನಾಯಿ ಬೆಟ್ಟದ ಬುಡದಲ್ಲಿ ನಿಂತಿದ್ದಾರೆ. ಅವರ ಮುಂದಾಳು ಮೋಶೆ ಹನ್ನೆರಡು ಕುಲಕ್ಕೆ ಹನ್ನೆರಡು ಕಲ್ಲು ನೆಡುತ್ತಾನೆ. ಹೋರಿಗಳ ಬಲಿ ಆಗುತ್ತದೆ. ಅರ್ಧ ರಕ್ತವನ್ನು ಬಲಿಪೀಠದ ಮೇಲೆ ಚಿಮುಕಿಸಿ, ಉಳಿದರ್ಧವನ್ನು ಬೋಗುಣಿಗಳಲ್ಲಿ ಇಟ್ಟುಕೊಂಡು, ದೇವರ ಮಾತುಗಳನ್ನು ಗಟ್ಟಿಯಾಗಿ ಓದುತ್ತಾನೆ. ಜನ ಒಂದೇ ದನಿಯಲ್ಲಿ ಒಪ್ಪುತ್ತಾರೆ: ಹೇಳಿದ್ದನ್ನೆಲ್ಲ ಮಾಡುತ್ತೇವೆ. ಆಗ ಆ ಉಳಿದರ್ಧ ರಕ್ತ ಜನರ ಮೇಲೆ ಬೀಳುತ್ತದೆ, ‘ಇದು ಒಡಂಬಡಿಕೆಯ ರಕ್ತ’ ಎಂಬ ಮಾತಿನ ಜೊತೆ. ಒಂದೇ ರಕ್ತ, ಎರಡೂ ಕಡೆ. ಪ್ರಾಣವನ್ನೇ ನಡುವೆ ಇಟ್ಟು ಮಾಡಿದ ಮಾತು ಅಂತ ಅರ್ಥ.

ಆ ಮಾತು ಎಷ್ಟು ದಿನ ಉಳಿಯಿತು? ಮೋಶೆ ಬೆಟ್ಟದ ಮೇಲೆ 40 ದಿನ ಇದ್ದ. ಅವನು ಇಳಿದು ಬರುವಷ್ಟರಲ್ಲಿ ಕೆಳಗೆ, ವಿಗ್ರಹ ಪೂಜಿಸುವುದಿಲ್ಲ ಅಂತ ಒಪ್ಪಿದ್ದ ಜನರೇ ಪೂಜೆಗೆ ಮಾಡಿಕೊಂಡ ಚಿನ್ನದ ಕರು ಎದ್ದಿತ್ತು. ದೇವರು ಹತ್ತು ಆಜ್ಞೆ ಬರೆದು ಕೊಟ್ಟ ಕಲ್ಲಿನ ಹಲಗೆಗಳನ್ನು ಮೋಶೆ ಅಲ್ಲೇ ಎಸೆದು ಒಡೆದ. ಹಳೆ ಒಡಂಬಡಿಕೆಯ ಸಂಕಟ ಪೂರ್ತಿ ಆ ಒಡೆದ ಕಲ್ಲಿನಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಆಜ್ಞೆಯಲ್ಲಿ ತಪ್ಪಿರಲಿಲ್ಲ. ಒಪ್ಪಿದವರ ಮನಸ್ಸೂ ಆ ಹೊತ್ತಿಗೆ ನಿಜವಾಗಿಯೇ ಒಪ್ಪಿತ್ತು. ಆದರೆ ಆಜ್ಞೆ ಕಲ್ಲಿನ ಮೇಲಿತ್ತು, ಆಸೆ ಎದೆಯೊಳಗಿತ್ತು.

ಅದಾಗಿ ನೂರಾರು ವರ್ಷ ಕಳೆದ ಮೇಲೆ ಬಂದವನು ಪ್ರವಾದಿ ಯೆರೆಮೀಯ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುಟ್ಟಿತು, ದೇವಾಲಯ ಬೂದಿಯಾಯಿತು. ಎಲ್ಲ ಮುಗಿಯಿತು ಅನ್ನಿಸುವ ಆ ಕಾಲದವನು ಅವನು. ‘ಹೊಸ ಒಡಂಬಡಿಕೆ’ ಅನ್ನುವ ಮಾತು ಆ ಇಸ್ರಾಯೇಲಿನ ಜನರ ಸಂತತಿಯಾದ ಯೆಹೂದಿಗಳ ಶಾಸ್ತ್ರದಲ್ಲಿ ಬರುವುದು ಅವನೊಬ್ಬನ ಬಾಯಲ್ಲಿ, 31ನೇ ಅಧ್ಯಾಯದಲ್ಲಿ. ಅಲ್ಲಿ ದೇವರು ಹೇಳುವುದರ ಸಾರ ಇಷ್ಟು. ನಾನು ಅವರಿಗೆ ಗಂಡನಂತಿದ್ದರೂ ಅವರು ಒಡಂಬಡಿಕೆ ಮುರಿದರು. ಇನ್ನು ನನ್ನ ಉಪದೇಶವನ್ನು ಅವರ ಹೃದಯದಲ್ಲೇ ಬರೆಯುತ್ತೇನೆ. ಚಿಕ್ಕವರು ದೊಡ್ಡವರು ಎಲ್ಲರೂ ನನ್ನನ್ನು ತಿಳಿಯುತ್ತಾರೆ. ಅವರ ಪಾಪವನ್ನು ಮತ್ತೆ ನೆನಪಿಗೆ ತರುವುದಿಲ್ಲ.

ಚಿಕ್ಕವನಿದ್ದಾಗ ಕಾಳಿ ನದಿಯ ಅಳಿವೆಯ ಹತ್ತಿರ ನಮ್ಮ ಮಾವ ನನಗೆ ಬೀಸುಬಲೆ ಹಾಕಲು ಕಲಿಸಿದರು. ಹಗ್ಗ ಮಣಿಕಟ್ಟಿಗೆ ಕಟ್ಟು. ಅರ್ಧ ಬಲೆ ಮೊಣಕೈ ಮೇಲೆ ಹಾಕಿಕೋ. ಸೀಸದ ಗುಂಡಿನ ಅಂಚನ್ನು ಹಲ್ಲಲ್ಲಿ ಕಚ್ಚು. ಸೊಂಟ ತಿರುಗಿಸಿ ಬಿಡು. ಅಷ್ಟನ್ನೂ ಬಾಯಿಪಾಠ ಮಾಡಿಕೊಂಡು ಎಸೆದರೂ ನನ್ನ ಬಲೆ ಗಂಟಾಗಿ ನೀರಿಗೆ ಬೀಳುತ್ತಿತ್ತು. ಮಾವ ದಡದಲ್ಲಿದ್ದವರ ಜೊತೆ ಬಂಗಡೆ ರೇಟು ಮಾತಾಡುತ್ತಲೇ ಬೀಸುತ್ತಿದ್ದರು, ಬಲೆ ದುಂಡಗೆ ಅರಳಿ ಇಳಿಯುತ್ತಿತ್ತು. ನಿಯಮ ಇಬ್ಬರಿಗೂ ಒಂದೇ. ನನಗೆ ಅದು ಹೊರಗಿತ್ತು, ಅವರಿಗೆ ಕೈಯೊಳಗಿತ್ತು. ಯೆರೆಮೀಯನ ಮಾತು ಓದಿದಾಗಲೆಲ್ಲ ನನಗೆ ಆ ಬಲೆ ನೆನಪಾಗುತ್ತದೆ. ಆದರೆ ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ಮಾವನಿಗೆ ಅದು ರೂಢಿಯಿಂದ ಬಂತು. ಇಲ್ಲಿ ಬರೆಯುವವನು ದೇವರು. ಜನ ಕಷ್ಟಪಟ್ಟು ಒಳಗೆ ಇಳಿಸಿಕೊಳ್ಳುತ್ತಾರೆ ಅಂತ ಯೆರೆಮೀಯ ಹೇಳಲೇ ಇಲ್ಲ.

ಇನ್ನು ನಿಮ್ಮ ಗೆಳತಿ ಹೇಳಿದ ಬಟ್ಟಲಿಗೆ ಬರೋಣ. ಸಾಯುವ ಹಿಂದಿನ ರಾತ್ರಿ, ಈಜಿಪ್ಟಿನಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕಹಬ್ಬದ ಊಟದಲ್ಲಿ ಯೇಸು ದ್ರಾಕ್ಷಾರಸದ ಬಟ್ಟಲು ತೆಗೆದುಕೊಂಡು, ಇದು ನನ್ನ ರಕ್ತದಲ್ಲಿ ಆಗುವ ಹೊಸ ಒಡಂಬಡಿಕೆ ಅಂದ (ಲೂಕ 22:20). ಅಲ್ಲಿ ಕೂತಿದ್ದವರೆಲ್ಲ ಯೆಹೂದಿಗಳು. ಮೋಶೆಯ ಬೋಗುಣಿಯೂ ಯೆರೆಮೀಯನ ಮಾತೂ ಅವರಿಗೆ ಗೊತ್ತಿದ್ದವು. ಎರಡೂ ಒಂದೇ ಬಟ್ಟಲಿನಲ್ಲಿ ಬಂದು ಸೇರಿದವು. ಮೊದಲಿನ ಸಲ ರಕ್ತ ಹೋರಿಯದು. ಈ ಸಲ ಮಾತು ಕೊಟ್ಟವನದೇ, ಯೇಸು ಮನುಷ್ಯನಾಗಿ ಬಂದ ದೇವರೇ ಅನ್ನುವುದು ನಮ್ಮ ನಂಬಿಕೆ. ಮುರಿದವರು ಜನ, ಬೆಲೆ ತೆತ್ತವನು ದೇವರು. ಹೊಸತು ಅನ್ನುವುದರ ತಿರುಳು ಇದೇ ಅಂತ ನಾವು ನಂಬುತ್ತೇವೆ.

ಬೈಬಲ್‌ನ ಹೊಸ ಭಾಗದಲ್ಲಿರುವ ಇಬ್ರಿಯರಿಗೆ ಬರೆದ ಪತ್ರ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಹಳೆಯದರಲ್ಲಿ ವರ್ಷಕ್ಕೊಮ್ಮೆ ಮಹಾಯಾಜಕ ಒಬ್ಬನೇ ದೇವಾಲಯದೊಳಗಿನ ತೆರೆಯ (ಪರದೆಯ) ಆಚೆಗೆ, ಅತಿಪರಿಶುದ್ಧ ಸ್ಥಳಕ್ಕೆ ರಕ್ತ ಹಿಡಿದು ಹೋಗಬೇಕಿತ್ತು. ಮುಂದಿನ ವರ್ಷ ಮತ್ತೆ. ಹೊಸದರಲ್ಲಿ ಬಲಿ ಒಂದೇ ಸಲ. ಯೇಸು ಪ್ರಾಣಬಿಟ್ಟಾಗ ಆ ತೆರೆ ಮೇಲಿಂದ ಕೆಳಗಿನವರೆಗೆ ಹರಿಯಿತು ಅಂತ ಮತ್ತಾಯ ಬರೆಯುತ್ತಾನೆ. ಇನ್ನು ಯಾರು ಬೇಕಾದರೂ ಹತ್ತಿರ ಬರಬಹುದು.

ಪ್ರಶ್ನೆ: ಯಾಜಕಕಾಂಡದಲ್ಲಿ ರೆಕ್ಕೆ, ಪೊರೆ ಇಲ್ಲದ ಜಲಚರ ತಿನ್ನಬಾರದು ಅಂತಿದೆಯಂತೆ. ನಮ್ಮ ಕ್ರೈಸ್ತ ನೆರೆಯವರು ಸೀಗಡಿ, ಏಡಿ, ಬಳಚು ಎಲ್ಲ ತಿನ್ನುತ್ತಾರೆ. ಹಾಗಾದರೆ ಹತ್ತು ಆಜ್ಞೆಗಳೂ ರದ್ದಾದವಾ? (ಓದುಗರು, ಕಾರವಾರ)

ಯಾಜಕಕಾಂಡ 11ರಲ್ಲಿ ಹಾಗೆ ಇರುವುದು ನಿಜ. ಬಂಗಡೆ ಸರಿ, ಏಡಿ ಇಲ್ಲ. ಆ ನಿಯಮ ಇಸ್ರಾಯೇಲನ್ನು ಸುತ್ತಲಿನ ಜನರಿಂದ ಬೇರೆಯಾಗಿ ಇಡುತ್ತಿತ್ತು. ಅದು ಬಿದ್ದದ್ದೂ ಒಂದು ಸಮುದ್ರದ ಊರಿನಲ್ಲೇ. ಯೊಪ್ಪ ಅನ್ನುವ ಊರು, ಕಡಲ ಪಕ್ಕದಲ್ಲಿ ಚರ್ಮ ಹದಮಾಡುವವನ ಮನೆ, ಮಧ್ಯಾಹ್ನದ ಹಸಿವು. ಮಾಳಿಗೆ ಮೇಲೆ ಪ್ರಾರ್ಥನೆಗೆ ಹೋದ ಯೇಸುವಿನ ಶಿಷ್ಯ ಪೇತ್ರನಿಗೆ ಆಕಾಶದಿಂದ ದೊಡ್ಡ ಬಟ್ಟೆಯೊಂದು ಇಳಿದಂತೆ ಕಾಣುತ್ತದೆ, ಅದರ ತುಂಬ ನಿಷೇಧದ ಪ್ರಾಣಿಗಳು. ತಿನ್ನು ಅಂತ ದನಿ. ಅವನು ಒಲ್ಲೆ ಅನ್ನುತ್ತಾನೆ. ಮೂರು ಸಲ ಹೀಗಾಗುತ್ತದೆ. ಮರುದಿನ ಅವನು ಹೊರಟು ರೋಮನ್ ಸೇನಾಧಿಕಾರಿಯೊಬ್ಬನ ಮನೆಯೊಳಗೆ ಕಾಲಿಡುತ್ತಾನೆ, ಯೆಹೂದಿಯಾದ ಅವನು ಅಲ್ಲಿಯವರೆಗೆ ಕಾಲಿಡಲಾರದಿದ್ದ ಪರಜನರ ಮನೆ. ಊಟದ ಬಗ್ಗೆ ಕಂಡ ಕನಸು ಮನುಷ್ಯರ ಬಗ್ಗೆ ಆಗಿತ್ತು ಅಂತ ಅವನಿಗೆ ತಿಳಿದದ್ದು ಆಗ. ಯಾವ ಮನುಷ್ಯನನ್ನೂ ಹೊಲೆ ಅನ್ನಬಾರದು ಅಂತ ಅವನೇ ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 10). ನಮ್ಮ ನಾಡಿನಲ್ಲಿ ಬಾಳುವ ಯಾವ ಕ್ರೈಸ್ತನೂ ಈ ಅಧ್ಯಾಯವನ್ನು ಸುಮ್ನೆ ದಾಟಿ ಹೋಗಬಾರದು.

ಹತ್ತು ಆಜ್ಞೆಗಳು ರದ್ದಾಗಲಿಲ್ಲ. ಕೊಲ್ಲಬೇಡ ಅನ್ನುವುದನ್ನು ಯೇಸು ಸಿಟ್ಟಿನವರೆಗೆ, ವ್ಯಭಿಚಾರ ಬೇಡ ಅನ್ನುವುದನ್ನು ಕಣ್ಣೋಟದವರೆಗೆ ಕೊಂಡೊಯ್ದ (ಮತ್ತಾಯ 5). ಒಳಗೆ ಬರೆಯುವುದು ಅಂದರೆ ಇಷ್ಟು ಆಳಕ್ಕೆ ಹೋಗುತ್ತದೆ. ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಶನಿವಾರದಿಂದ ಭಾನುವಾರಕ್ಕೆ ಬಂದದ್ದು ಸತ್ತ ಯೇಸು ಮತ್ತೆ ಎದ್ದ ದಿನ ಅಂತ. ಶನಿವಾರವನ್ನೇ ಪಾಲಿಸುವ ಕ್ರೈಸ್ತರೂ ಇದ್ದಾರೆ.

ಪ್ರಶ್ನೆ: ಹಳೆಯದರ ದೇವರು ಸಿಟ್ಟಿನವನು, ಹೊಸದರ ದೇವರು ಪ್ರೀತಿಯವನು ಅಂತ ಎಲ್ಲರೂ ಹೇಳುತ್ತಾರೆ. ಹೌದಾ? (ಓದುಗರು, ಹೊನ್ನಾವರ)

ಇಲ್ಲ. ಈ ಮಾತು ನನಗೆ ನಿಜವಾಗಿ ನೋವು ಕೊಡುತ್ತದೆ. ಒಡೆದ ಹಲಗೆಗಳ ಬದಲು ಹೊಸ ಹಲಗೆ ಕೆತ್ತಲು ದೇವರೇ ಮೋಶೆಗೆ ಹೇಳಿದ. ಆಗಲೇ ತನ್ನನ್ನು ಕನಿಕರ, ದಯೆ ಉಳ್ಳವನು, ದೀರ್ಘಶಾಂತನು ಅಂತ ಪರಿಚಯಿಸಿಕೊಂಡ (ವಿಮೋಚನಕಾಂಡ 34). ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವೆ ಅನ್ನುವ ಮಾತೂ ಹಳೆಯ ಭಾಗದಲ್ಲೇ, ಪ್ರವಾದಿ ಯೆಹೆಜ್ಕೇಲನ ಪುಸ್ತಕದಲ್ಲಿದೆ. ಹೊಸದರ ಹಂಬಲ ಹುಟ್ಟಿದ್ದೇ ಹಳೆಯದರಲ್ಲಿ.

ಪ್ರಶ್ನೆ: ನಾನು ಅಪ್ಪೆಮಿಡಿ ಕಸಿ ಕಟ್ಟುವವನು. ಕಾಟುಮಾವಿನ ಸಸಿಗೆ ಒಳ್ಳೆ ಮರದ ಕಡ್ಡಿ ಕಟ್ಟುತ್ತೇವೆ. ಗೆಳೆಯರೊಬ್ಬರು ಕೊಟ್ಟ ಬೈಬಲ್‌ನಲ್ಲಿ ಪೌಲ ಎನ್ನುವವರು ಕಾಡು ಕೊಂಬೆಯನ್ನು ತೋಟದ ಎಣ್ಣೆಮರಕ್ಕೆ (ಆಲಿವ್ ಮರಕ್ಕೆ) ಕಸಿ ಮಾಡುವ ಮಾತು ಓದಿದೆ. ಇದು ಉಲ್ಟಾ ಅಲ್ವಾ? (ಓದುಗರು, ಶಿರಸಿ)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಲ್ಟಾನೇ. ಕಡ್ಡಿ ಯಾವ ಮರದ್ದೋ ಕಾಯಿ ಆ ಮರದ್ದು, ಬೇರು ಬರೀ ನೀರು ಕೊಡುತ್ತದೆ. ಕಾಡು ಕಡ್ಡಿಯನ್ನು ಒಳ್ಳೆ ಮರಕ್ಕೆ ಕಟ್ಟಿದರೆ ಮರ ಹಾಳು ಅಂತ ನೀವು ಹೇಳುತ್ತೀರಿ. ಕ್ರೈಸ್ತರ ಮೊದಲ ಬೋಧಕರಲ್ಲಿ ಒಬ್ಬನಾದ ಪೌಲನೂ ಅದನ್ನು ಸ್ವಭಾವಕ್ಕೆ ವಿರುದ್ಧವಾದ ಕಸಿ ಅಂತಲೇ ಕರೆಯುತ್ತಾನೆ (ರೋಮಾಪುರದವರಿಗೆ 11:24). ಬೇರು ಅಂದರೆ ಯೆಹೂದಿಗಳ ಮೂಲಪುರುಷ ಅಬ್ರಹಾಮ ಮತ್ತು ದೇವರು ಅವನಿಗೆ ಕೊಟ್ಟ ಮಾತು. ಆ ಮಾತು ಮೋಶೆಯ ಧರ್ಮಶಾಸ್ತ್ರಕ್ಕಿಂತ 430 ವರ್ಷ ಹಳೆಯದು ಅಂತ ಪೌಲನದೇ ಲೆಕ್ಕ. ಕಾಡು ಕೊಂಬೆ ಅಂದರೆ ಯೆಹೂದಿಗಳಲ್ಲದ ನಾವು. ನಮ್ಮ ಗುಣ ನೋಡಿ ಯಾರೂ ನಮ್ಮನ್ನು ಕಟ್ಟಲಿಲ್ಲ. ಅದಕ್ಕೇ ಪೌಲ ರೋಮಿನ ಕ್ರೈಸ್ತರನ್ನು ಎಚ್ಚರಿಸುತ್ತಾನೆ: ಬೇರನ್ನು ಹೊತ್ತವನು ನೀನಲ್ಲ, ಬೇರು ನಿನ್ನನ್ನು ಹೊತ್ತಿದೆ.

ಆ ಎಚ್ಚರಿಕೆಯನ್ನು ಕ್ರೈಸ್ತರು ಶತಮಾನಗಟ್ಟಲೆ ಕೇಳಲಿಲ್ಲ. ಹೊಸದು ಬಂತು, ಹಳೆ ಜನ ಬೇಡವಾದರು ಅಂತ ಯೆಹೂದಿಗಳನ್ನು ಹಿಂಸಿಸಿದರು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಕಥೋಲಿಕ ಸಭೆ 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಪೌಲನ ಇದೇ ಅಧ್ಯಾಯವನ್ನು ಹಿಡಿದು ಯೆಹೂದಿಗಳನ್ನು ದೇವರು ತಳ್ಳಿಬಿಟ್ಟವರು ಅಂತ ಚಿತ್ರಿಸಬಾರದು ಎಂದಿತು. ಹಳೆಯ ಒಡಂಬಡಿಕೆ ಈಗ ಯಾವ ಲೆಕ್ಕದಲ್ಲಿ ಉಳಿದಿದೆ ಅನ್ನುವುದರಲ್ಲಿ ಕ್ರೈಸ್ತರಲ್ಲೇ ಭಿನ್ನ ಅಭಿಪ್ರಾಯ ಇದೆ. ಹಳೆಯದು ಅಳಿದುಹೋಗುವಂಥದ್ದು ಅಂತ ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ, ದೇವರು ಕೊಟ್ಟ ಕರೆಯನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ ಅಂತ ಪೌಲ ಹೇಳುತ್ತಾನೆ. ನಾನು ಪೌಲನ ಮಾತಿಗೆ ಜಾಸ್ತಿ ತೂಕ ಕೊಡುತ್ತೇನೆ.

ಪ್ರಶ್ನೆ: ಹೃದಯದಲ್ಲೇ ಬರೆದಿದ್ದರೆ ಕ್ರೈಸ್ತರು ಯಾಕೆ ಸುಳ್ಳು ಹೇಳುತ್ತಾರೆ, ಮೋಸ ಮಾಡುತ್ತಾರೆ? ಬೇಜಾರು ಮಾಡಿಕೊಳ್ಳಬೇಡಿ. (ಓದುಗರು, ಅಂಕೋಲಾ)

ಬೇಜಾರಿಲ್ಲ. ಕೇಳಬೇಕಾದ ಪ್ರಶ್ನೆಯೇ. ಬರೆಯುವುದು ಶುರುವಾಗಿದೆ, ಮುಗಿದಿಲ್ಲ ಅನ್ನುವುದು ನಮ್ಮ ನಂಬಿಕೆ. ಒಬ್ಬರಿಗೊಬ್ಬರು ಉಪದೇಶ ಮಾಡಬೇಕಾಗಿಯೇ ಇಲ್ಲ ಅಂತ ಯೆರೆಮೀಯ ಹೇಳಿದ ದಿನ ಇನ್ನೂ ಪೂರ್ತಿ ಬಂದಿಲ್ಲ, ನೀವೇ ನೋಡುತ್ತಿದ್ದೀರಿ, ಪ್ರತಿ ಭಾನುವಾರ ಪ್ರಸಂಗ ನಡೆಯುತ್ತಲೇ ಇದೆ.

ಅಪ್ಪ ತೀರಿಕೊಂಡ ಮೇಲೆ ಜಾಗದ ವಿಷಯದಲ್ಲಿ ನನ್ನ ತಮ್ಮನಿಗೂ ನನಗೂ ಮಾತು ನಿಂತಿತ್ತು. ಕಾಗದದ ಪ್ರಕಾರ ಸರಿ ನಾನೇ. ಮೂರು ವರ್ಷ ಪ್ರತಿ ವಾರ ಆ ಬಟ್ಟಲಿನ ಮುಂದೆ ಮೊಣಕಾಲೂರಿದ್ದೇನೆ, ತಮ್ಮ ಎರಡು ಸಾಲು ಹಿಂದೆ. ಯಾರೂ ನನಗೆ ಆಜ್ಞೆ ಓದಿ ಹೇಳಲಿಲ್ಲ. ಆದರೂ ‘ಅವರ ಪಾಪವನ್ನು ನೆನಪಿಗೆ ತರುವುದಿಲ್ಲ’ ಅನ್ನುವ ಮಾತು ಒಳಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು, ಕೂತರೂ ನಿಂತರೂ ಬಿಡಲಿಲ್ಲ. ಕೊನೆಗೆ ಒಂದು ಸಂಜೆ ನಾನೇ ಅವನ ಮನೆಗೆ ಹೋದೆ. ಅವನ ಹೆಂಡತಿ ಏನೂ ಕೇಳದೆ ಚಹಾ ಇಟ್ಟಳು. ಹೃದಯದಲ್ಲಿ ಬರೆಯುವುದು ಅಂದರೆ ಹೇಗಿರುತ್ತದೆ ಅಂತ ಕೇಳಿದರೆ ನನಗೆ ಗೊತ್ತಿರುವುದು ಇಷ್ಟೇ.

ಪ್ರಶ್ನೆ: ಇದನ್ನೆಲ್ಲ ನಾನೇ ಓದಬೇಕು. ಎಲ್ಲಿಂದ ಶುರು ಮಾಡಲಿ? (ಓದುಗರು, ಭಟ್ಕಳ)

ವಿಮೋಚನಕಾಂಡ 24, ಆಮೇಲೆ 32ರಿಂದ 34. ನಂತರ ಯೆರೆಮೀಯ 31, ಲೂಕ 22. ಕೊನೆಗೆ ಇಬ್ರಿಯರಿಗೆ ಬರೆದ ಪತ್ರದ 8ರಿಂದ 10. ಎಲ್ಲ ಸೇರಿ ಒಂದು ಸಂಜೆಯ ಓದು. ಇಬ್ರಿಯರಿಗೆ ಪತ್ರವನ್ನು ಮೊದಲೇ ಹಿಡಿಯಬೇಡಿ, ಬೋಗುಣಿ ಮತ್ತು ಒಡೆದ ಹಲಗೆ ಕಣ್ಣಮುಂದೆ ಇಲ್ಲದಿದ್ದರೆ ಅದು ತುಂಬ ಕಷ್ಟ ಅನ್ನಿಸುತ್ತದೆ.